ಗೃಹ ಆರೈಕೆ ಫ್ರಾಂಚೈಸ್‌ನ ಪೂರ್ವಪರಿಶೀಲನೆ

ಗೃಹ ಆರೈಕೆ ಫ್ರಾಂಚೈಸ್‌ನ ಪೂರ್ವಪರಿಶೀಲನೆ ಎಂದರೆ ವೃದ್ಧರಿಗೂ ಅಶಕ್ತರಿಗೂ ಅವರ ಮನೆಯಲ್ಲಿಯೇ ಆರೈಕೆ ಒದಗಿಸುವ ಸಂಸ್ಥೆಯೊಂದರ ಹೆಸರಿನಲ್ಲಿ ವ್ಯವಹಾರ ನಡೆಸುವ ಹಕ್ಕನ್ನು ಕೊಳ್ಳುವುದಕ್ಕೆ ಮೊದಲು, ಆ ಸಂಸ್ಥೆಯ ನಡವಳಿಕೆ, ಆರ್ಥಿಕ ಸ್ಥಿತಿ ಮತ್ತು ಖ್ಯಾತಿಯನ್ನು ದಾಖಲೆಗಳ ಮೂಲಕ ಪರಿಶೀಲಿಸುವ ಕ್ರಮ. ಈ ಕ್ರಮವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾನೂನಿನ ಆಧಾರದ ಮೇಲೆ ವಿಸ್ತಾರವಾಗಿ ಬೆಳೆದಿದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ ಫ್ರಾಂಚೈಸ್ ನಿಯಮದಂತೆ, ಮಾರುವ ಸಂಸ್ಥೆಯು ಕೊಳ್ಳುವವರಿಗೆ 23 ಬಾಬುಗಳುಳ್ಳ ಪ್ರಕಟಣಾ ದಸ್ತಾವೇಜನ್ನು ಮುಂಚಿತವಾಗಿ ಒದಗಿಸಬೇಕು. ಈ ದಸ್ತಾವೇಜು, ವ್ಯವಸ್ಥೆಯನ್ನು ಬಿಟ್ಟುಹೋದ ಮಾಲೀಕರ ಅನುಭವ, ಆರೈಕೆದಾರರ ವೇತನಕ್ಕೆ ಸಂಬಂಧಿಸಿದ ಸರ್ಕಾರಿ ದಾಖಲೆ ಮತ್ತು ರಾಜ್ಯಗಳ ಪರವಾನಗಿ ದಾಖಲೆಗಳು ಪರಿಶೀಲನೆಯ ನಾಲ್ಕು ಮುಖ್ಯ ಆಕರಗಳಾಗಿವೆ.

ಈ ಲೇಖನದಲ್ಲಿ ಹಕ್ಕನ್ನು ಮಾರುವ ಸಂಸ್ಥೆಯನ್ನು 'ಮೂಲಸಂಸ್ಥೆ' ಎಂದೂ, ಹಕ್ಕನ್ನು ಕೊಂಡು ಸ್ಥಳೀಯ ಘಟಕವನ್ನು ನಡೆಸುವವರನ್ನು 'ಘಟಕದ ಮಾಲೀಕರು' ಎಂದೂ ಕರೆಯಲಾಗಿದೆ.

ಹಿನ್ನೆಲೆ

ಗೃಹ ಆರೈಕೆಯಲ್ಲಿ ಎರಡು ಬಗೆಗಳಿವೆ. ದಾದಿಯರು ಮತ್ತು ಚಿಕಿತ್ಸಕರು ವೈದ್ಯರ ಆದೇಶದಂತೆ ನೀಡುವ ವೈದ್ಯಕೀಯ ಸೇವೆ ಒಂದು. ಸ್ನಾನ, ಉಡುಗೆ, ಅಡುಗೆ, ಓಡಾಟ, ಔಷಧಿಯ ನೆನಪು, ಒಡನಾಟ ಮುಂತಾದ ನಿತ್ಯಜೀವನದ ನೆರವು ಇನ್ನೊಂದು. ಅಮೆರಿಕದ ಗೃಹ ಆರೈಕೆ ಫ್ರಾಂಚೈಸ್‌ಗಳಲ್ಲಿ ಬಹುಪಾಲು ಎರಡನೆಯ ಬಗೆಗೆ ಸೇರಿದವು. ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇಂತಹ ದೀರ್ಘಕಾಲೀನ ನೆರವಿನ ವೆಚ್ಚವನ್ನು ಭರಿಸುವುದಿಲ್ಲ. ಆದ್ದರಿಂದ ಈ ವ್ಯವಹಾರವು ಕುಟುಂಬಗಳ ಸ್ವಂತ ಹಣ, ದೀರ್ಘಕಾಲೀನ ಆರೈಕೆ ವಿಮೆ, ಕಡಿಮೆ ಆದಾಯದವರಿಗೆ ಮೀಸಲಾದ ಮೆಡಿಕೇಡ್ ಯೋಜನೆಗಳು ಮತ್ತು ಮಾಜಿ ಸೈನಿಕರ ಇಲಾಖೆಯ ಪಾವತಿಗಳನ್ನು ಅವಲಂಬಿಸಿದೆ.

2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ 65 ವರ್ಷ ಮತ್ತು ಮೇಲ್ಪಟ್ಟವರ ಸಂಖ್ಯೆ ಸುಮಾರು 5.58 ಕೋಟಿ, ಅಂದರೆ ಒಟ್ಟು ಜನಸಂಖ್ಯೆಯ ಶೇಕಡಾ 16.8. ಮಾರಾಟದ ಪ್ರಚಾರಗಳಲ್ಲಿ ಈ ಏರಿಕೆಯನ್ನೇ ಮುಂದಿಡಲಾಗುತ್ತದೆ. ಅಂಗಡಿ, ಅಡುಗೆಮನೆ ಅಥವಾ ದುಬಾರಿ ಯಂತ್ರಗಳು ಬೇಕಿಲ್ಲದ ಕಾರಣ ಆರಂಭಿಕ ಬಂಡವಾಳವು ಹೋಟೆಲು ಉದ್ಯಮಕ್ಕಿಂತ ಕಡಿಮೆಯಿರುವುದೂ ಒಂದು ಆಕರ್ಷಣೆ. ಆದರೆ ಬೇಡಿಕೆ ಹೆಚ್ಚುತ್ತಿರುವುದು ಇಡೀ ಕ್ಷೇತ್ರದ ಸಂಗತಿ. ನಿರ್ದಿಷ್ಟ ಮೂಲಸಂಸ್ಥೆಯೊಂದರ ಘಟಕಗಳು ಉಳಿಯುತ್ತವೆಯೇ ಎಂಬುದು ಅದರಿಂದ ತಿಳಿದುಬರುವುದಿಲ್ಲ.

ಈ ಕ್ಷೇತ್ರದ ಪ್ರಸಿದ್ಧ ಹೆಸರುಗಳಲ್ಲಿ ಹೋಮ್ ಇನ್‌ಸ್ಟೆಡ್ 1994ರಲ್ಲಿ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಆರಂಭವಾಯಿತು. 2021ರಲ್ಲಿ ಅದನ್ನು ಹಾನರ್ ಎಂಬ ತಂತ್ರಜ್ಞಾನ ಸಂಸ್ಥೆ ಕೊಂಡುಕೊಂಡಿತು. 1998ರಲ್ಲಿ ಓಹಾಯೋದಲ್ಲಿ ಆರಂಭವಾದ ಕಂಫರ್ಟ್ ಕೀಪರ್ಸ್ 2009ರಲ್ಲಿ ಫ್ರಾನ್ಸ್ ಮೂಲದ ಸೊಡೆಕ್ಸೊ ಸಂಸ್ಥೆಯ ವಶವಾಗಿ, 2021ರಲ್ಲಿ ಮತ್ತೊಮ್ಮೆ ಕೈಬದಲಾಯಿತು. ಹೀಗೆ ಒಡೆತನ ಬದಲಾದಾಗ ಫಲಕದ ಮೇಲಿನ ಹೆಸರು ಹಾಗೆಯೇ ಉಳಿದರೂ ಶುಲ್ಕ, ತಂತ್ರಾಂಶ, ನೆರವಿನ ಪದ್ಧತಿ ಮತ್ತು ಮುಂದಿನ ಒಪ್ಪಂದಗಳ ಷರತ್ತುಗಳು ಬದಲಾಗಬಹುದು. ಆದ್ದರಿಂದ ಹಳೆಯ ಖ್ಯಾತಿಯನ್ನು ಹೊಸ ಒಡೆಯರಿಗೆ ಹಾಗೆಯೇ ಅನ್ವಯಿಸಲಾಗದು.

ಕಾನೂನಿನ ಚೌಕಟ್ಟು

ಫ್ರಾಂಚೈಸ್ ಮಾರಾಟಕ್ಕೆ ಮೊದಲು ಮಾಹಿತಿ ಪ್ರಕಟಣೆಯನ್ನು ಕಡ್ಡಾಯಗೊಳಿಸಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ. ಅಲ್ಲಿನ ಫ್ರಾಂಚೈಸ್ ಹೂಡಿಕೆ ಕಾಯಿದೆ 1971ರಲ್ಲಿ ಜಾರಿಗೆ ಬಂದಿತು. ರಾಷ್ಟ್ರಮಟ್ಟದ ಫ್ರಾಂಚೈಸ್ ನಿಯಮವನ್ನು ಫೆಡರಲ್ ಟ್ರೇಡ್ ಕಮಿಷನ್ 1978ರಲ್ಲಿ ರೂಪಿಸಿತು. ಅದು 1979ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. 2007ರಲ್ಲಿ ತಿದ್ದುಪಡಿಗೊಂಡ ಈಗಿನ ರೂಪವು 2008ರ ಜುಲೈ 1ರಿಂದ ಕಡ್ಡಾಯವಾಗಿದೆ.

ಈ ನಿಯಮದಂತೆ, ಒಪ್ಪಂದಕ್ಕೆ ಸಹಿ ಬೀಳುವುದಕ್ಕೆ ಅಥವಾ ಹಣ ಪಾವತಿಯಾಗುವುದಕ್ಕೆ ಕನಿಷ್ಠ 14 ದಿನ ಮುಂಚೆ ಪ್ರಕಟಣಾ ದಸ್ತಾವೇಜು ಕೊಳ್ಳುವವರ ಕೈಸೇರಬೇಕು. ಮೂಲಸಂಸ್ಥೆಯು ಒಪ್ಪಂದದಲ್ಲಿ ತಾನಾಗಿ ಮಹತ್ವದ ಬದಲಾವಣೆ ಮಾಡಿದರೆ, ಬದಲಾದ ಪ್ರತಿಯನ್ನು ಸಹಿಗೆ ಕನಿಷ್ಠ 7 ದಿನ ಮುಂಚೆ ನೀಡಬೇಕು.

ದಸ್ತಾವೇಜಿನ ಕುರಿತು ಎರಡು ತಪ್ಪು ತಿಳಿವಳಿಕೆಗಳು ಸಾಮಾನ್ಯ. ಸರ್ಕಾರ ಅದನ್ನು ಪರೀಕ್ಷಿಸಿ ಅನುಮೋದಿಸಿದೆ ಎಂಬುದು ಮೊದಲನೆಯದು. ಕಮಿಷನ್ ಯಾವ ದಸ್ತಾವೇಜನ್ನೂ ಅನುಮೋದಿಸುವುದಿಲ್ಲ. ದಸ್ತಾವೇಜಿನ ಮುಖಪುಟದಲ್ಲಿಯೂ ಈ ಸಂಗತಿಯನ್ನು ತಿಳಿಸಲಾಗಿರುತ್ತದೆ. ನಿಯಮ ಉಲ್ಲಂಘನೆಯಾದರೆ ಕೊಂಡವರು ಅದರಡಿ ನೇರವಾಗಿ ದಾವೆ ಹೂಡಬಹುದು ಎಂಬುದು ಎರಡನೆಯದು. ಆ ಅಧಿಕಾರ ಇರುವುದು ಕಮಿಷನ್‌ಗೆ ಮಾತ್ರ. ಖಾಸಗಿ ವ್ಯಕ್ತಿಗಳಿಗೆ ದಾವೆಯ ಹಕ್ಕು ದೊರೆಯುವುದು ಕೆಲವು ರಾಜ್ಯಗಳ ಕಾಯಿದೆಗಳಿಂದ. ಹೀಗಾಗಿ ಸಹಿಗೆ ಮುಂಚಿನ ಎರಡು ವಾರಗಳ ಪರಿಶೀಲನೆಯೇ ಬಹುತೇಕರಿಗೆ ಲಭ್ಯವಿರುವ ಮುಖ್ಯ ರಕ್ಷಣೆಯಾಗಿದೆ.

ಕ್ಯಾಲಿಫೋರ್ನಿಯಾ, ಮಿನ್ನೆಸೋಟ, ವಿಸ್ಕಾನ್ಸಿನ್ ಮುಂತಾದ ರಾಜ್ಯಗಳಲ್ಲಿ ಮೂಲಸಂಸ್ಥೆಗಳು ದಸ್ತಾವೇಜನ್ನು ಸಲ್ಲಿಸಬೇಕಾಗುತ್ತದೆ. ಈ ಮೂರು ರಾಜ್ಯಗಳು ಅವುಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತವೆ. ಮಾರಾಟ ಪ್ರತಿನಿಧಿಯನ್ನು ಸಂಪರ್ಕಿಸುವುದಕ್ಕೆ ಮೊದಲೇ ದಸ್ತಾವೇಜನ್ನು ಓದಲು ಹಾಗೂ ಹಿಂದಿನ ವರ್ಷಗಳ ಪ್ರತಿಗಳೊಂದಿಗೆ ಹೋಲಿಸಲು ಇದರಿಂದ ಸಾಧ್ಯವಾಗುತ್ತದೆ.

ದಸ್ತಾವೇಜಿನ ಮುಖ್ಯ ಬಾಬುಗಳು

1 ಮತ್ತು 2ನೆಯ ಬಾಬುಗಳಲ್ಲಿ ಮೂಲಸಂಸ್ಥೆ, ಅದರ ಒಡೆತನದ ಸಂಸ್ಥೆಗಳು ಮತ್ತು ಮುಖ್ಯಸ್ಥರ ಹಿಂದಿನ ಅನುಭವದ ವಿವರವಿರುತ್ತದೆ. 3ನೆಯ ಬಾಬಿನಲ್ಲಿ ವ್ಯಾಜ್ಯಗಳು ಮತ್ತು 4ನೆಯ ಬಾಬಿನಲ್ಲಿ ದಿವಾಳಿ ಪ್ರಕರಣಗಳು ಇರುತ್ತವೆ. ಎರಡರಲ್ಲಿಯೂ ಹಿಂದಿನ 10 ವರ್ಷಗಳವರೆಗಿನ ಸಂಗತಿಗಳು ಸೇರುತ್ತವೆ. ನ್ಯಾಯಾಲಯದ ಹೊರಗೆ ಮಧ್ಯಸ್ಥಿಕೆಯಲ್ಲಿ ನಡೆದ ಮಹತ್ವದ ಪ್ರಕರಣಗಳನ್ನೂ 3ನೆಯ ಬಾಬಿನಲ್ಲಿ ತೋರಿಸಬೇಕು. ಹಿಂದಿನ ಹಣಕಾಸು ವರ್ಷದಲ್ಲಿ ಮೂಲಸಂಸ್ಥೆಯೇ ತನ್ನ ಘಟಕ ಮಾಲೀಕರ ಮೇಲೆ ಹೂಡಿದ ದಾವೆಗಳೂ ಇಲ್ಲಿ ಬರುತ್ತವೆ. ದೊಡ್ಡ ಸಂಸ್ಥೆಗೆ ಒಂದೆರಡು ವ್ಯಾಜ್ಯಗಳಿರುವುದು ಅಸಹಜವಲ್ಲ. ಆದರೆ ಬೇರೆ ಬೇರೆ ಮಾಲೀಕರು ಒಂದೇ ಬಗೆಯ ದೂರನ್ನು, ವಿಶೇಷವಾಗಿ ಆದಾಯದ ಬಗ್ಗೆ ಸುಳ್ಳು ಭರವಸೆ ನೀಡಲಾಗಿತ್ತೆಂಬ ದೂರನ್ನು ಮಾಡಿದ್ದರೆ ಅದು ಗಂಭೀರ ಸೂಚನೆ.

5ರಿಂದ 7ರವರೆಗಿನ ಬಾಬುಗಳು ಶುಲ್ಕ ಮತ್ತು ಆರಂಭಿಕ ಹೂಡಿಕೆಗೆ ಸಂಬಂಧಿಸಿವೆ. ಮೂಲಸಂಸ್ಥೆಗೆ ಸಲ್ಲುವ ರಾಯಧನವನ್ನು ಸಾಮಾನ್ಯವಾಗಿ ಒಟ್ಟು ವಹಿವಾಟಿನ ಮೇಲೆ ಲೆಕ್ಕ ಹಾಕಲಾಗುತ್ತದೆ, ಲಾಭದ ಮೇಲಲ್ಲ. ಶೇಕಡಾ 5ರ ದರದಲ್ಲಿ 10 ಲಕ್ಷ ಡಾಲರ್ ವಹಿವಾಟು ನಡೆಸಿದ ಘಟಕವು ನಷ್ಟದಲ್ಲಿದ್ದರೂ 50,000 ಡಾಲರ್ ರಾಯಧನ ಕೊಡಬೇಕಾಗುತ್ತದೆ. ಗೃಹ ಆರೈಕೆಯಲ್ಲಿ ದುಡಿಯುವ ಬಂಡವಾಳದ ಅಂದಾಜಿಗೆ ವಿಶೇಷ ಗಮನ ಬೇಕು. ಆರೈಕೆದಾರರಿಗೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸಂಬಳ ನೀಡಲೇಬೇಕು. ವಿಮಾ ಸಂಸ್ಥೆಗಳಿಂದಲೂ ಸರ್ಕಾರಿ ಯೋಜನೆಗಳಿಂದಲೂ ಬರಬೇಕಾದ ಹಣ ತಡವಾಗಿ ಬರಬಹುದು. ಗಿರಾಕಿಗಳು ಹೆಚ್ಚಿದಂತೆಲ್ಲ ಈ ಅಂತರವೂ ಹಿಗ್ಗುವುದರಿಂದ, ಬೆಳೆಯುತ್ತಿರುವ ಘಟಕವೇ ನಗದಿನ ಕೊರತೆಗೆ ಸಿಲುಕುವುದುಂಟು.

12ನೆಯ ಬಾಬು ಪ್ರದೇಶದ ಹಕ್ಕನ್ನು, 15ನೆಯದು ಮಾಲೀಕರು ಖುದ್ದಾಗಿ ದುಡಿಯಬೇಕೇ ಎಂಬುದನ್ನು, 17ನೆಯದು ನವೀಕರಣ, ರದ್ದತಿ, ವರ್ಗಾವಣೆ ಮತ್ತು ವಿವಾದ ಇತ್ಯರ್ಥವನ್ನು ತಿಳಿಸುತ್ತವೆ. ಒಪ್ಪಂದ ಮುಗಿದ ಬಳಿಕ ನಿರ್ದಿಷ್ಟ ಅವಧಿಯವರೆಗೆ ಅದೇ ಪ್ರದೇಶದಲ್ಲಿ ಗೃಹ ಆರೈಕೆ ವ್ಯವಹಾರ ನಡೆಸಬಾರದೆಂಬ ಷರತ್ತು ಅನೇಕ ಒಪ್ಪಂದಗಳಲ್ಲಿ ಇರುತ್ತದೆ. ಅಂತಹ ಒಪ್ಪಂದದಿಂದ ಹೊರಬರುವ ಮಾಲೀಕರು ತಾವೇ ಕಟ್ಟಿದ ಗಿರಾಕಿಗಳ ಬಳಗವನ್ನು ಬಿಟ್ಟುಕೊಡಬೇಕಾಗಬಹುದು. 21ನೆಯ ಬಾಬಿನಲ್ಲಿ ಮೂಲಸಂಸ್ಥೆಯ ಲೆಕ್ಕಪರಿಶೋಧಿತ ಹಣಕಾಸು ಪಟ್ಟಿಗಳಿರುತ್ತವೆ. ಸಂಸ್ಥೆಯ ವರಮಾನದಲ್ಲಿ ರಾಯಧನಕ್ಕಿಂತ ಹೊಸ ಮಾರಾಟಗಳ ಪ್ರವೇಶ ಶುಲ್ಕವೇ ಹೆಚ್ಚಾಗಿದ್ದರೆ, ಹಳೆಯ ಘಟಕಗಳ ಏಳಿಗೆಗಿಂತ ಹೊಸ ಮಾರಾಟದ ಕಡೆಗೇ ಅದರ ಒಲವಿದೆಯೇ ಎಂಬ ಪ್ರಶ್ನೆ ಏಳುತ್ತದೆ.

ಆದಾಯದ ಅಂಕಿಗಳು

ಘಟಕಗಳ ಆದಾಯದ ಮಾಹಿತಿಗೆ ಮೀಸಲಾದ 19ನೆಯ ಬಾಬು ಐಚ್ಛಿಕ. ಮೂಲಸಂಸ್ಥೆಯು ಅದನ್ನು ತುಂಬದಿದ್ದರೆ, ಅದರ ಪ್ರತಿನಿಧಿಗಳು ಮಾತಿನಲ್ಲಿಯೂ ಆದಾಯದ ಭರವಸೆ ನೀಡುವಂತಿಲ್ಲ. ತುಂಬಿದ್ದರೆ ಆ ಅಂಕಿಗಳಿಗೆ ಸಮಂಜಸ ಆಧಾರವಿರಬೇಕು.

ಗೃಹ ಆರೈಕೆ ಸಂಸ್ಥೆಗಳ 19ನೆಯ ಬಾಬನ್ನು ಓದುವಾಗ ಕೆಲವು ಭೇದಗಳನ್ನು ಗಮನಿಸಬೇಕಾಗುತ್ತದೆ. ತೋರಿಸಿರುವುದು ಒಟ್ಟು ವಹಿವಾಟೇ ಅಥವಾ ಖರ್ಚು ಕಳೆದ ಲಾಭವೇ ಎಂಬುದು ಮೊದಲನೆಯದು. ಸರಾಸರಿಯ ಜೊತೆಗೆ ಮಧ್ಯಾಂಕವನ್ನು ನೀಡಲಾಗಿದೆಯೇ ಎಂಬುದು ಎರಡನೆಯದು. ಕೆಲವೇ ದೊಡ್ಡ ಘಟಕಗಳು ಸರಾಸರಿಯನ್ನು ಬಹಳ ಮೇಲಕ್ಕೆ ಎಳೆಯಬಲ್ಲವು. ಎಲ್ಲ ಘಟಕಗಳೂ ಲೆಕ್ಕದಲ್ಲಿವೆಯೇ ಅಥವಾ ಹಲವು ವರ್ಷ ಪೂರೈಸಿದವು ಮಾತ್ರವೇ ಎಂಬುದು ಮೂರನೆಯದು. ಮುಚ್ಚಿಹೋದ ಘಟಕಗಳು ಸಾಮಾನ್ಯವಾಗಿ ಇಂತಹ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಒಬ್ಬ ಮಾಲೀಕರು ಹಲವು ಪ್ರದೇಶಗಳ ಹಕ್ಕು ಹೊಂದಿದ್ದಾಗ ಅಂಕಿಯು ಒಂದು ಪ್ರದೇಶದ್ದೇ ಅಥವಾ ಒಬ್ಬ ಮಾಲೀಕರ ಒಟ್ಟು ವ್ಯವಹಾರದ್ದೇ ಎಂಬುದು ನಾಲ್ಕನೆಯದು.

ಬಿಟ್ಟುಹೋದವರ ಸಾಕ್ಷ್ಯ

ಖ್ಯಾತಿಯನ್ನು ಅಳೆಯಲು 20ನೆಯ ಬಾಬು ಅತ್ಯಂತ ಉಪಯುಕ್ತವಾದುದು. ಅದರಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ತೆರೆದ, ರದ್ದಾದ, ನವೀಕರಣಗೊಳ್ಳದ, ಮೂಲಸಂಸ್ಥೆ ಮರಳಿ ಪಡೆದ ಮತ್ತು ಇತರ ಕಾರಣಗಳಿಂದ ನಿಂತುಹೋದ ಘಟಕಗಳ ಕೋಷ್ಟಕಗಳಿರುತ್ತವೆ. ಒಬ್ಬರಿಂದ ಮತ್ತೊಬ್ಬರಿಗೆ ಮಾರಾಟವಾದ ಘಟಕಗಳಿಗೆ ಪ್ರತ್ಯೇಕ ಕೋಷ್ಟಕವಿದೆ.

ಈ ಕೋಷ್ಟಕಗಳಲ್ಲಿ ನಿವ್ವಳ ಏರಿಕೆಯೊಂದನ್ನೇ ನೋಡುವುದು ಸಾಲದು. ಉದಾಹರಣೆಗೆ, ವರ್ಷದ ಆರಂಭದಲ್ಲಿ 100 ಘಟಕಗಳಿದ್ದ ಸಂಸ್ಥೆಯೊಂದು 20 ಹೊಸ ಘಟಕಗಳನ್ನು ತೆರೆದು, ಅದೇ ವರ್ಷ 12 ಘಟಕಗಳನ್ನು ಕಳೆದುಕೊಂಡಿತೆಂದು ಭಾವಿಸಿದರೆ, ವರ್ಷಾಂತ್ಯದ ಸಂಖ್ಯೆ 108 ಆಗುತ್ತದೆ. ಪ್ರಚಾರದಲ್ಲಿ ಇದು ಶೇಕಡಾ 8ರ ಬೆಳವಣಿಗೆ. ಕೊಳ್ಳುವವರ ದೃಷ್ಟಿಯಿಂದ, ಆರಂಭದಲ್ಲಿದ್ದ ಸಂಖ್ಯೆಗೆ ಹೋಲಿಸಿದರೆ ಪ್ರತಿ 100ಕ್ಕೆ 12 ಘಟಕಗಳು ಒಂದೇ ವರ್ಷದಲ್ಲಿ ಇಲ್ಲವಾಗಿವೆ. ನಷ್ಟದಲ್ಲಿದ್ದ ಮಾಲೀಕರು ಸಿಕ್ಕಷ್ಟು ಬೆಲೆಗೆ ಮಾರಿ ಹೊರಬಂದಿದ್ದರೆ ಆ ಘಟಕ ಮುಚ್ಚಿದವುಗಳ ಪಟ್ಟಿಗೆ ಸೇರದೆ ವರ್ಗಾವಣೆಯ ಕೋಷ್ಟಕಕ್ಕೆ ಸೇರುತ್ತದೆ. ಆದ್ದರಿಂದ ಎರಡನ್ನೂ ಕೂಡಿಸಿ ನೋಡುವುದು ವಾಡಿಕೆ. ಒಪ್ಪಂದವಾಗಿಯೂ ಇನ್ನೂ ತೆರೆಯದ ಘಟಕಗಳ ಸಂಖ್ಯೆ ದೊಡ್ಡದಾಗಿದ್ದರೆ ಅದಕ್ಕೂ ಕಾರಣ ಕೇಳಬೇಕಾಗುತ್ತದೆ.

ಹಾಲಿ ಮಾಲೀಕರ ಪಟ್ಟಿಯ ಜೊತೆಗೆ, ಹಿಂದಿನ ಹಣಕಾಸು ವರ್ಷದಲ್ಲಿ ವ್ಯವಸ್ಥೆಯಿಂದ ಹೊರಬಂದವರ ಹೆಸರು, ಊರು ಮತ್ತು ದೂರವಾಣಿ ಸಂಖ್ಯೆಯನ್ನೂ ಮೂಲಸಂಸ್ಥೆ ಈ ಬಾಬಿನಲ್ಲಿ ನೀಡಬೇಕು. ಹಳೆಯ ವರ್ಷಗಳ ದಸ್ತಾವೇಜುಗಳನ್ನು ರಾಜ್ಯಗಳ ಸಂಗ್ರಹದಿಂದ ಪಡೆದು, ಒಂದು ವರ್ಷದ ಪಟ್ಟಿಯಲ್ಲಿದ್ದು ಮುಂದಿನ ವರ್ಷ ಕಾಣೆಯಾದ ಹೆಸರುಗಳನ್ನು ಗುರುತಿಸಬಹುದು. ಹಾಲಿ ಮಾಲೀಕರಿಗೆ ತಮ್ಮ ಘಟಕದ ಮಾರಾಟ ಮೌಲ್ಯವನ್ನು ಉಳಿಸಿಕೊಳ್ಳುವ ಹಿತಾಸಕ್ತಿ ಇರುತ್ತದೆ. ಹೊರಬಂದವರಲ್ಲಿ ಕಹಿ ಭಾವನೆ ಇರಬಹುದು. ಹೀಗಾಗಿ ಎರಡೂ ಕಡೆಯ ಹಲವರಿಗೆ ಒಂದೇ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಹೋಲಿಸುವುದು ಸೂಕ್ತ. ಖರ್ಚು-ವೆಚ್ಚ ಸರಿದೂಗಲು ಎಷ್ಟು ತಿಂಗಳು ಬೇಕಾಯಿತು, ಆರೈಕೆದಾರರು ಎಷ್ಟು ಕಾಲ ಉಳಿಯುತ್ತಾರೆ, ಗಿರಾಕಿಗಳು ಮೂಲಸಂಸ್ಥೆಯ ಹೆಸರಿನಿಂದ ಬಂದರೇ ಅಥವಾ ಸ್ಥಳೀಯ ಆಸ್ಪತ್ರೆಗಳ ಪರಿಚಯದಿಂದ ಬಂದರೇ, ಮತ್ತೊಮ್ಮೆ ಅವಕಾಶ ಸಿಕ್ಕರೆ ಇದನ್ನೇ ಕೊಳ್ಳುತ್ತಾರೆಯೇ ಎಂಬುವು ಇಂತಹ ಪ್ರಶ್ನೆಗಳಲ್ಲಿ ಮುಖ್ಯವಾದವು.

ಹೊರಬಂದವರು ಮಾತನಾಡಲು ನಿರಾಕರಿಸಿದರೆ ಅದಕ್ಕೆ ಗೋಪ್ಯತೆಯ ಕರಾರು ಕಾರಣವಾಗಿರಬಹುದು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮಾಲೀಕರಿಂದ ಅಂತಹ ಕರಾರಿಗೆ ಸಹಿ ಪಡೆದಿದ್ದರೆ ಮೂಲಸಂಸ್ಥೆ ಅದನ್ನೂ 20ನೆಯ ಬಾಬಿನಲ್ಲಿ ತಿಳಿಸಬೇಕು. ಸರ್ಕಾರಕ್ಕೆ ದೂರು ನೀಡದಂತೆ ಮಾಲೀಕರನ್ನು ತಡೆಯುವ ಷರತ್ತುಗಳು ಕಾನೂನುಬಾಹಿರವೆಂದು ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈನಲ್ಲಿ ನೀತಿ ಹೇಳಿಕೆ ಹೊರಡಿಸಿತು.

ಆರೈಕೆದಾರರು ಮತ್ತು ವೇತನ ಕಾನೂನು

ಗೃಹ ಆರೈಕೆಯಲ್ಲಿ ಮಾರಾಟವಾಗುವುದು ಆರೈಕೆದಾರರ ಸಮಯ ಮತ್ತು ನಡತೆ. ಅವರನ್ನು ನೇಮಿಸಿಕೊಳ್ಳುವುದು, ಹಿನ್ನೆಲೆ ಪರಿಶೀಲಿಸುವುದು ಮತ್ತು ವೇತನ ಪಾವತಿಸುವುದು ಸಾಮಾನ್ಯವಾಗಿ ಘಟಕದ ಮಾಲೀಕರ ಹೊಣೆ. ಒಂದು ಊರಿನ ಘಟಕದಲ್ಲಿ ನಡೆದ ನಿರ್ಲಕ್ಷ್ಯವು ಅದೇ ಹೆಸರಿನ ಬೇರೆ ಊರುಗಳ ಘಟಕಗಳಿಗೂ ಕಳಂಕ ತರಬಲ್ಲದು.

ಅಮೆರಿಕದ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯಿದೆಯ 1974ರ ತಿದ್ದುಪಡಿಯು ವೃದ್ಧರ ಒಡನಾಟ ಸೇವೆ ನೀಡುವವರನ್ನು ಕನಿಷ್ಠ ವೇತನ ಮತ್ತು ಹೆಚ್ಚುವರಿ ದುಡಿಮೆಯ ವೇತನದ ನಿಯಮಗಳಿಂದ ಹೊರಗಿಟ್ಟಿತು. ಖಾಸಗಿ ಸಂಸ್ಥೆಗಳ ಮೂಲಕ ದುಡಿಯುವವರಿಗೂ ಈ ವಿನಾಯಿತಿ ಅನ್ವಯಿಸುತ್ತದೆಂಬ ಅಂದಿನ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಲಾಂಗ್ ಐಲ್ಯಾಂಡ್ ಕೇರ್ ಅಟ್ ಹೋಮ್ ವಿರುದ್ಧ ಕೋಕ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಕಾರ್ಮಿಕ ಇಲಾಖೆಯು 2013ರಲ್ಲಿ ನಿಯಮ ಬದಲಿಸಿ ಸಂಸ್ಥೆಗಳಿಗೆ ಈ ವಿನಾಯಿತಿಯನ್ನು ನಿರಾಕರಿಸಿತು. ಉದ್ಯಮದ ಸಂಘಟನೆಗಳು ಅದನ್ನು ಪ್ರಶ್ನಿಸಿದವು. 2015ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಹೊಸ ನಿಯಮವನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಇಲಾಖೆಯು ಈ ಬದಲಾವಣೆಯನ್ನು ಹಿಂತೆಗೆದುಕೊಳ್ಳುವ ಪ್ರಸ್ತಾವ ಪ್ರಕಟಿಸಿತು. ರಾಜ್ಯಗಳ ವೇತನ ಕಾನೂನುಗಳು ಇದಕ್ಕಿಂತ ಕಟ್ಟುನಿಟ್ಟಾಗಿರಬಹುದು.

ಕಾರ್ಮಿಕ ಇಲಾಖೆಯ ವೇತನ ಮತ್ತು ದುಡಿಮೆ ಅವಧಿ ವಿಭಾಗವು ತನ್ನ ತನಿಖೆಗಳ ಫಲಿತಾಂಶವನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಒಂದೇ ಹೆಸರಿನ ಹಲವು ಘಟಕಗಳಲ್ಲಿ ಬಾಕಿ ವೇತನದ ಪ್ರಕರಣಗಳು ಮರುಕಳಿಸಿದ್ದರೆ, ಮಾಲೀಕರಿಗೆ ನೀಡಿದ ತರಬೇತಿಯಲ್ಲಿ ಅಥವಾ ವ್ಯವಹಾರದ ಲೆಕ್ಕಾಚಾರದಲ್ಲಿಯೇ ದೋಷವಿರುವ ಸಾಧ್ಯತೆಯಿದೆ.

ಪರವಾನಗಿ ಮತ್ತು ಸಾಲದ ದಾಖಲೆಗಳು

ಮೆಡಿಕೇರ್‌ನ ಕೇರ್ ಕಂಪೇರ್ ಜಾಲತಾಣದಲ್ಲಿ ನಕ್ಷತ್ರ ಶ್ರೇಯಾಂಕ ದೊರೆಯುವುದು ಮೆಡಿಕೇರ್ ಮಾನ್ಯತೆ ಪಡೆದ ವೈದ್ಯಕೀಯ ಗೃಹ ಆರೋಗ್ಯ ಸಂಸ್ಥೆಗಳಿಗೆ ಮಾತ್ರ. ನಿತ್ಯಜೀವನದ ನೆರವು ನೀಡುವ ಘಟಕಗಳಿಗೆ ಇಂತಹ ರಾಷ್ಟ್ರೀಯ ಶ್ರೇಯಾಂಕವಿಲ್ಲ. ಅವುಗಳ ನಿಯಂತ್ರಣ ರಾಜ್ಯದಿಂದ ರಾಜ್ಯಕ್ಕೆ ಭಿನ್ನ. ಕ್ಯಾಲಿಫೋರ್ನಿಯಾದಲ್ಲಿ 2013ರ ಕಾಯಿದೆಯೊಂದರ ಅನ್ವಯ 2016ರಿಂದ ಇಂತಹ ಸಂಸ್ಥೆಗಳು ರಾಜ್ಯದ ಸಮಾಜ ಸೇವಾ ಇಲಾಖೆಯಿಂದ ಪರವಾನಗಿ ಪಡೆಯಬೇಕು. ಅವುಗಳ ಆರೈಕೆದಾರರು ನೋಂದಣಿ ಹೊಂದಿರಬೇಕು. ಪರವಾನಗಿ ವ್ಯವಸ್ಥೆ ಇರುವ ರಾಜ್ಯಗಳಲ್ಲಿ ತಪಾಸಣೆ ಮತ್ತು ದೂರುಗಳ ದಾಖಲೆ ಖ್ಯಾತಿಯ ನೇರ ಆಕರವಾಗುತ್ತದೆ.

ಅನೇಕರು ಸಣ್ಣ ಉದ್ಯಮ ಆಡಳಿತ ಸಂಸ್ಥೆಯ ಖಾತರಿಯುಳ್ಳ ಸಾಲದಿಂದ ಫ್ರಾಂಚೈಸ್ ಕೊಳ್ಳುತ್ತಾರೆ. ಇಂತಹ ಸಾಲಕ್ಕೆ ಶೇಕಡಾ 20 ಅಥವಾ ಹೆಚ್ಚಿನ ಪಾಲುಳ್ಳ ಮಾಲೀಕರು ವೈಯಕ್ತಿಕ ಜಾಮೀನು ನೀಡಬೇಕಾಗುತ್ತದೆ. ಘಟಕ ಸೋತರೆ ಹೊಣೆಯು ಅವರ ಸ್ವಂತ ಆಸ್ತಿಯವರೆಗೂ ಬರಬಹುದು. ಈ ಸಂಸ್ಥೆ ಪ್ರಕಟಿಸುವ ಸಾಲದ ದತ್ತಾಂಶದಲ್ಲಿ ಫ್ರಾಂಚೈಸ್‌ನ ಹೆಸರೂ, ಸಾಲ ತೀರಿತೇ ಅಥವಾ ವಸೂಲಾಗದೆ ವಜಾ ಆಯಿತೇ ಎಂಬುದೂ ಇರುತ್ತದೆ. ಆದರೆ ಸಾಲಗಳ ಸಂಖ್ಯೆ ಕಡಿಮೆಯಿದ್ದಾಗ ಈ ಪ್ರಮಾಣದಿಂದ ತೀರ್ಮಾನಕ್ಕೆ ಬರುವುದು ಕಷ್ಟ.

ಪ್ರಶಸ್ತಿಗಳು, ಶ್ರೇಯಾಂಕಗಳು ಮತ್ತು ದಲ್ಲಾಳಿಗಳು

ಮಾರಾಟ ಸಾಮಗ್ರಿಯಲ್ಲಿ ಕಾಣುವ ಪ್ರಶಸ್ತಿಗಳು ಮತ್ತು ಶ್ರೇಯಾಂಕಗಳು ಯಾವ ಮಾನದಂಡದಿಂದ ಬಂದವೆಂಬುದನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಕೆಲವು ಪಟ್ಟಿಗಳು ಸಂಸ್ಥೆಗಳೇ ಸಲ್ಲಿಸಿದ ಮಾಹಿತಿಯನ್ನು ಆಧರಿಸಿವೆ. ಗಾತ್ರ ಮತ್ತು ಬೆಳವಣಿಗೆಗೆ ಹೆಚ್ಚು ಅಂಕ ನೀಡುವ ಪಟ್ಟಿಗಳಲ್ಲಿ ಮಾಲೀಕರ ಲಾಭ ಹಿಂದೆ ಸರಿಯುತ್ತದೆ. ಬೆಟರ್ ಬಿಸಿನೆಸ್ ಬ್ಯೂರೋದ ಮಾನ್ಯತೆಗೆ ಸಂಸ್ಥೆಗಳು ಶುಲ್ಕ ಕಟ್ಟುತ್ತವೆ. ಅಲ್ಲಿನ ದೂರುಗಳು ಹೆಚ್ಚಾಗಿ ಗಿರಾಕಿಗಳವು. ಘಟಕ ಮಾಲೀಕರ ಸಂಕಷ್ಟ ಅವುಗಳಲ್ಲಿ ಕಾಣದಿರಬಹುದು. ಉಚಿತ ಸಲಹೆಗಾರರೆಂದು ಪರಿಚಯಿಸಿಕೊಳ್ಳುವ ಫ್ರಾಂಚೈಸ್ ದಲ್ಲಾಳಿಗಳಿಗೆ ಮಾರಾಟವಾದಾಗ ಮೂಲಸಂಸ್ಥೆಯಿಂದ ದಲ್ಲಾಳಿ ಹಣ ಸಲ್ಲುತ್ತದೆ.

ವೇಗದ ಮಾರಾಟವನ್ನೇ ಯಶಸ್ಸಿನ ಗುರುತೆಂದು ಭಾವಿಸುವ ಅಪಾಯಕ್ಕೆ ಬೇರೊಂದು ಕ್ಷೇತ್ರದ ಉದಾಹರಣೆಯಿದೆ. ಬರ್ಗರಿಮ್ ಎಂಬ ಉಪಾಹಾರ ಸಂಸ್ಥೆಯ ವಿರುದ್ಧ 2022ರಲ್ಲಿ ಫೆಡರಲ್ ಟ್ರೇಡ್ ಕಮಿಷನ್‌ನ ಪರವಾಗಿ ದಾವೆ ಹೂಡಲಾಯಿತು. ಸಂಸ್ಥೆಯು 1,500ಕ್ಕೂ ಹೆಚ್ಚು ಫ್ರಾಂಚೈಸ್‌ಗಳನ್ನು ಮಾರಿತ್ತು, ಅವುಗಳಲ್ಲಿ ಬಹುಪಾಲು ತೆರೆಯಲೇ ಇಲ್ಲ ಎಂಬುದು ದೂರಿನ ಸಾರಾಂಶವಾಗಿತ್ತು.

ಭಾರತೀಯರು ಮತ್ತು ಭಾರತದ ಸ್ಥಿತಿ

ಅಮೆರಿಕದಲ್ಲಿ ನೆಲೆಸಿದ ಭಾರತೀಯ ಪ್ರಜೆಗಳಿಗೆ 15ನೆಯ ಬಾಬು ವಿಶೇಷವಾಗಿ ಪ್ರಸ್ತುತ. ಎಚ್-1ಬಿ ವೀಸಾ ಹೊಂದಿರುವವರು ತಮ್ಮ ಅರ್ಜಿದಾರ ಉದ್ಯೋಗದಾತರಲ್ಲಿ ಮಾತ್ರ ದುಡಿಯಬಹುದಾದ್ದರಿಂದ, ಮಾಲೀಕರು ಖುದ್ದಾಗಿ ವ್ಯವಹಾರ ನಡೆಸಬೇಕೆಂಬ ಷರತ್ತು ವೀಸಾ ನಿಯಮಕ್ಕೆ ವಿರುದ್ಧವಾಗಬಹುದು. ಹೂಡಿಕೆದಾರರಿಗೆ ನೀಡುವ ಇ-2 ವೀಸಾ, ಒಪ್ಪಂದವಿಲ್ಲದ ಕಾರಣ, ಭಾರತೀಯ ಪ್ರಜೆಗಳಿಗೆ ಲಭ್ಯವಿಲ್ಲ.

ಭಾರತದಲ್ಲಿ ಫ್ರಾಂಚೈಸ್‌ಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಮಾರುವ ಸಂಸ್ಥೆಯು ಪ್ರಕಟಣಾ ದಸ್ತಾವೇಜನ್ನು ನೀಡಬೇಕೆಂಬ ನಿಯಮವೂ ಇಲ್ಲ. ಇಂತಹ ವ್ಯವಹಾರಗಳು 1872ರ ಭಾರತೀಯ ಕರಾರು ಕಾಯಿದೆ, 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಮುಂತಾದ ಸಾಮಾನ್ಯ ಕಾನೂನುಗಳಡಿ ನಡೆಯುತ್ತವೆ. ಬೆಂಗಳೂರು ಮೊದಲಾದ ನಗರಗಳಲ್ಲಿ ಗೃಹ ಆರೈಕೆ ಸೇವೆಗಳು ಬೆಳೆಯುತ್ತಿರುವುದರಿಂದ ಈ ಕೊರತೆಗೆ ಮಹತ್ವವಿದೆ. ಇಲ್ಲಿ ಕೊಳ್ಳುವವರು ಕಂಪನಿ ವ್ಯವಹಾರಗಳ ಸಚಿವಾಲಯದಿಂದ ಶುಲ್ಕ ತೆತ್ತು ಕಂಪನಿಯ ಲೆಕ್ಕಪತ್ರಗಳನ್ನು ಪಡೆಯಬಹುದು. ಇ-ಕೋರ್ಟ್ಸ್ ಜಾಲತಾಣದಲ್ಲಿ ವ್ಯಾಜ್ಯಗಳನ್ನು ಹುಡುಕಬಹುದು. ಭವಿಷ್ಯ ನಿಧಿ ಸಂಘಟನೆಯ ತಾಣದಲ್ಲಿ ಸಂಸ್ಥೆಯು ನೌಕರರ ವಂತಿಗೆ ಕಟ್ಟುತ್ತಿದೆಯೇ ಎಂದು ನೋಡಬಹುದು. ಹಾಲಿ ಮತ್ತು ಮಾಜಿ ಘಟಕ ಮಾಲೀಕರ ಪಟ್ಟಿಯನ್ನು ಮಾತ್ರ ಮೂಲಸಂಸ್ಥೆಯಿಂದಲೇ ಲಿಖಿತವಾಗಿ ಕೇಳಿ ಪಡೆಯಬೇಕಾಗುತ್ತದೆ. ಅದನ್ನು ನೀಡಲು ಸಂಸ್ಥೆ ಒಪ್ಪುತ್ತದೆಯೇ ಇಲ್ಲವೇ ಎಂಬುದೂ ಪರಿಶೀಲನೆಯ ಒಂದು ಫಲಿತಾಂಶವೇ ಆಗಿದೆ.

ಇವನ್ನೂ ನೋಡಿ

ಫ್ರಾಂಚೈಸಿಂಗ್
ಫೆಡರಲ್ ಟ್ರೇಡ್ ಕಮಿಷನ್
ಮೆಡಿಕೇರ್
ಭಾರತೀಯ ಕರಾರು ಕಾಯಿದೆ, 1872